ಕಂಬ ಕಂಡ ಕೂಡಲೇ ಏಳು

2022ರ ಬೇಸಿಗೆ ರಜೆಯಲ್ಲಿ ಕಪಾಟು ಸ್ವಚ್ಛ ಮಾಡುವಾಗ ಒಂದು ಹಳೇ ವಹಿ ಸಿಕ್ಕಿತು. ನನ್ನ ಕೈಯಿಂದ ಎಸ್ಸೆಸ್ಸೆಲ್ಸಿ ತನಕ ದಾಟಿಹೋದ 14 ಮಕ್ಕಳ ಹೆಸರು, ಮನೆಯವರ ಫೋನ್ ನಂಬರು ಅದರಲ್ಲಿದ್ದವು. ನಾನು ಬೆಳಗಾವಿ ತಾಲ್ಲೂಕಿನ ಶಾಲೆಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಜೊತೆ ಕೆಲಸ ಮಾಡುವ ಶಿಕ್ಷಕಿ. ಈ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡಿಸಿದ್ದೆ, ಬರೆಯಲು ಬಾರದವರಿಗೆ ಬರೆದುಕೊಡುವವರನ್ನು ಹುಡುಕಿಕೊಟ್ಟಿದ್ದೆ. ಪಾಸಾದಾಗ ಅವರ ಮನೆಗೆ ಹೋಗಿ ಕುಂದಾ ತಿಂದು ಬಂದಿದ್ದೆ.

ಎರಡು ಸಂಜೆ ಕೂತು ಎಲ್ಲರಿಗೂ ಫೋನ್ ಮಾಡಿದೆ. ಮೂರು ನಂಬರು ಹತ್ತಲಿಲ್ಲ. ಉಳಿದ 11 ಮಕ್ಕಳಲ್ಲಿ ಒಬ್ಬಳ ಮದುವೆಯಾಗಿತ್ತು. ಒಬ್ಬ ಅಣ್ಣನ ಪಾನ್ ಅಂಗಡಿಯಲ್ಲಿ ಕೂರುತ್ತಿದ್ದ. ಮಿಕ್ಕ ಒಂಬತ್ತು ಮಂದಿಯ ಬಗ್ಗೆ ಬಂದ ಉತ್ತರ ಒಂದೇ.

“ಏನೂ ಇಲ್ರಿ ಟೀಚರ. ಮನ್ಯಾಗ ಅದಾಳ.”

“ಮನ್ಯಾಗ ಅದಾನ್ರಿ, ಇನ್ನೇನ್ ಮಾಡ್ತಾನ್ರಿ.”

ಒಬ್ಬ ತಾಯಿ ಮಗನ ಕೈಗೇ ಫೋನ್ ಕೊಟ್ಟಳು. ಶಾಲೆಯಲ್ಲಿ ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ತಾರೀಖು ಬರೆಯುತ್ತಿದ್ದ ಹುಡುಗ ಅವನು. “ಟೀಚರ, ಸಾಲಿ ಯಾವಾಗ ಚಾಲೂ ಆಗತೈತಿ?” ಎಂದು ಕೇಳಿದ. ಅವನು ಶಾಲೆ ಬಿಟ್ಟು ಮೂರು ವರ್ಷ ಆಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. 18 ತುಂಬಿದ ಮರುದಿನ ಈ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ಒಂದು ನಿರ್ಧಾರ ಮಾಡಿದೆ. ಹತ್ತನೇ ತರಗತಿ ಮುಗಿದ ಮೇಲೆ ನೋಡೋಣ ಅನ್ನುವುದು ಬೇಡ. ಒಂಬತ್ತರಲ್ಲೇ ಶುರು ಮಾಡಬೇಕು.

ಇಬ್ಬರು ಮಕ್ಕಳ ಕಥೆ ಇಲ್ಲಿ ಬರೆಯುತ್ತೇನೆ. ನಮ್ಮ ಕಡೆ ಚಿಕ್ಕವರನ್ನು ತಂಗಿ, ತಮ್ಮ ಅಂತಲೇ ಕರೆಯುತ್ತೇವೆ. ಇಲ್ಲೂ ಹಾಗೇ ಕರೆಯುತ್ತೇನೆ. ತಂಗಿಗೆ ಆಗ 16 ವರ್ಷ. ಶಾಲೆಗೆ ತಡವಾಗಿ ಸೇರಿದ್ದರಿಂದ ಇನ್ನೂ ಒಂಬತ್ತನೇ ತರಗತಿ. ಅವಳಿಗೆ ಬೌದ್ಧಿಕ ಅಂಗವೈಕಲ್ಯ ಇದೆ. ಮಾತು ಸ್ಪಷ್ಟ, ಓದು ಬರುವುದಿಲ್ಲ. ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಆ ವರ್ಷವಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದ.

ಮೊದಲು ಕಾಗದದ ಕೆಲಸ. ತಂಗಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ, ಇರಲಿಲ್ಲ. ಯಾವ ಸೌಲಭ್ಯಕ್ಕೆ ಹೋದರೂ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ದಾಖಲೆ ಕೇಳುತ್ತಾರೆ. ಅಪ್ಪ ರಜೆ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಪರೀಕ್ಷೆ ಆಯಿತು. ಶೇ. 25 ಅಂತ ಬಂತು.

ನನಗೆ ಅರ್ಥವಾಗಲಿಲ್ಲ. ಅವಳ ದಿನಚರಿ ನನಗೆ ಚೆನ್ನಾಗಿ ಗೊತ್ತಲ್ವಾ. ಒಳಗೆ ಏನೇನು ಕೇಳಿದರು ಅಂತ ಅಪ್ಪನನ್ನು ವಿಚಾರಿಸಿದೆ. ಆಗ ತಿಳಿಯಿತು. ಬೌದ್ಧಿಕ ಅಂಗವೈಕಲ್ಯ ಅಳೆಯುವಾಗ ಬುದ್ಧಿಮಟ್ಟದ ಪರೀಕ್ಷೆಯ ಜೊತೆ ದಿನನಿತ್ಯದ ಬದುಕಿನ ಪ್ರಶ್ನೆಗಳೂ ಇರುತ್ತವೆ. ತಾನೇ ಸ್ನಾನ ಮಾಡುತ್ತಾಳಾ, ಅಂಗಡಿಗೆ ಹೋಗಿ ಚಿಲ್ಲರೆ ತರುತ್ತಾಳಾ, ಒಬ್ಬಳೇ ಪರ ಊರಿಗೆ ಹೋಗುತ್ತಾಳಾ ಅಂತ. ಅದಕ್ಕೆ ಉತ್ತರ ಹೇಳುವವರು ಮನೆಯವರು. ಅಪ್ಪ ಎಲ್ಲದಕ್ಕೂ “ಹೌದ್ರಿ, ಮಾಡ್ಕೋತಾಳ್ರಿ” ಅಂದಿದ್ದ.

“ಮಂದಿ ಮುಂದ ನನ್ನ ಮಗಳಿಗೆ ಏನೂ ಬರೂದಿಲ್ಲ ಅಂತ ಹೆಂಗ ಹೇಳ್ಲಿ ಟೀಚರ?” ಎಂದು ನನ್ನನ್ನೇ ಕೇಳಿದ.

ನಾನು ಏನೂ ಮಾತಾಡಲಿಲ್ಲ. ಅವನು ಹೇಳಿದ್ದು ಸುಳ್ಳಲ್ಲ, ಅದು ಅವನ ಪ್ರೀತಿ. ಆದರೆ ಆ ಪ್ರೀತಿಯಿಂದ ಶೇ. 25 ಬಂತು, ಎಲ್ಲ ಬಾಗಿಲೂ ಮುಚ್ಚಿತು. ಮತ್ತೆ ಅರ್ಜಿ ಹಾಕಿದೆವು. ಈ ಸಲ ಶಾಲೆಯಲ್ಲಿ ನಾನು ಎರಡು ವರ್ಷ ಬರೆದಿಟ್ಟ ಟಿಪ್ಪಣಿ ಜೊತೆಗಿತ್ತು. ಉತ್ತರ ಹೇಳಲು ತಾಯಿಯೂ ಬಂದಳು. ಹತ್ತು ರೂಪಾಯಿ ನೋಟಿಗೂ ಇಪ್ಪತ್ತರ ನೋಟಿಗೂ ಗೊಂದಲ ಆಗುತ್ತದೆ ಎಂದಳು. ಒಬ್ಬಳೇ ಎಲ್ಲಿಗೂ ಹೋಗಿಲ್ಲ ಎಂದಳು. ತಿಂಗಳ ದಿನಗಳಲ್ಲಿ ಈಗಲೂ ತಾನೇ ನೋಡಿಕೊಳ್ಳಬೇಕು ಎಂದಳು. ಅಪ್ಪ ಬಾಗಿಲ ಹೊರಗೆ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತಿದ್ದ. ಶೇ. 50 ಅಂತ ಬಂತು. ಮಗುವಿನ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳಿ ಅಂತ ತಂದೆತಾಯಿಗೆ ಮೊದಲೇ ಕೂರಿಸಿ ತಿಳಿಸಬೇಕಿತ್ತು. ಆ ಕೆಲಸ ನನ್ನದಾಗಿತ್ತು. ಈಗ ಪ್ರತಿ ಮನೆಯಲ್ಲೂ ಅದನ್ನೇ ಮೊದಲು ಮಾಡುತ್ತೇನೆ.

ಬ್ಯಾಂಕ್ ಖಾತೆಗೂ ಓಡಾಟ ಆಯಿತು. ಒಂದು ಕಡೆ ಪಾಲಕತ್ವದ ಪತ್ರ ತನ್ನಿ ಎಂದರು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಅಂಥ ಪತ್ರ ಸಿಗುತ್ತದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಕೊಡುತ್ತದೆ. ಬೇಕಾದವರಿಗೆ ಅದು ಬೇಕೇ ಬೇಕು. ಆದರೆ ತಂಗಿಗೆ ಸಹಿ ಮಾಡಲು ಬರುತ್ತದೆ, ಇದು ನನ್ನ ರೊಕ್ಕ ಅಂತ ಗೊತ್ತಾಗುತ್ತದೆ. ಅವಳ ಬದಲಿಗೆ ಇನ್ನೊಬ್ಬರು ಸಹಿ ಹಾಕುವುದು ಈಗಲೇ ಯಾಕೆ ಅನಿಸಿತು. ಬೇರೆ ಬ್ಯಾಂಕಿನಲ್ಲಿ ತಾಯಿ ಮತ್ತು ಅವಳ ಹೆಸರಿನಲ್ಲಿ ಜಂಟಿ ಖಾತೆ ಆಯಿತು.

ತಮ್ಮನ ಮನೆಯಲ್ಲಿ ಸಮಸ್ಯೆಯೇ ಬೇರೆ. ಅವನ ಅಪ್ಪನಿಗೆ ಸರ್ಕಾರಿ ನೌಕರಿಯ ಆಸೆ. ಸರ್ಕಾರಿ ಹುದ್ದೆಗಳಲ್ಲಿ ಶೇ. 4ಕ್ಕೆ ಕಡಿಮೆ ಇಲ್ಲದಂತೆ ಮೀಸಲಾತಿ ಇರಬೇಕು ಅಂತ 2016ರ ಕಾಯ್ದೆ ಹೇಳುತ್ತದೆ. ಅದು ನಿಜ. ಅದು ದೊಡ್ಡ ಹಕ್ಕು. ಆದರೆ ಹುದ್ದೆಗೆ ಬೇಕಾದ ಓದು ಇರಬೇಕು, ಅರ್ಜಿ ಕರೆಯಬೇಕು, ಪರೀಕ್ಷೆ ಆಗಬೇಕು. ಅದೇ ದಾರಿ ಕಾಯುತ್ತಾ 30 ವರ್ಷದ ತನಕ ಮನೆಯಲ್ಲಿ ಕೂತವರನ್ನು ನಾನು ನೋಡಿದ್ದೇನೆ. “ಅರ್ಜಿ ಹಾಕೋಣು, ಆದರ ಕೂತು ಕಾಯೂದು ಬ್ಯಾಡ” ಎಂದು ಅವನ ಅಪ್ಪನಿಗೆ ಎಷ್ಟು ಸಲ ಹೇಳಿದೆನೋ. ಕೊನೆಗೆ ಐಟಿಐ ಸೇರಿಸಲು ಒಪ್ಪಿದ. ಫಿಟ್ಟರ್, ಎರಡು ವರ್ಷ.

ತಂಗಿಗೆ ಯಾವ ಕೆಲಸ? ನಾನು ಮೊದಲು ಮಾಡಿದ ತಪ್ಪು ಎಂದರೆ ನಾನೇ ಕೂತು ಯೋಚಿಸಿದ್ದು. ಮೇಣದಬತ್ತಿ, ಪೇಪರ್ ಚೀಲ, ರಾಖಿ. ನಮ್ಮ ಮಕ್ಕಳು ಅಂದ ಕೂಡಲೇ ಎಲ್ಲರಿಗೂ ಇವೇ ಮೂರು ನೆನಪಾಗುತ್ತವೆ. ಅವಳನ್ನು ಕೇಳಿದೆ. ಅವಳು “ಟೀಚರ ಆಗತೇನಿ” ಎಂದಳು. ಕಂಡಿದ್ದು ಅದೊಂದೇ ಆದರೆ ಬೇರೆ ಏನು ಹೇಳಬೇಕು ಪಾಪ. ತೋರಿಸದೆ ಕೇಳಿದರೆ ಅದು ಕೇಳಿದಂತಲ್ಲ ಅಂತ ಅವತ್ತು ಅನಿಸಿತು.

ಮುಖ್ಯೋಪಾಧ್ಯಾಯರ ಒಪ್ಪಿಗೆ ತೆಗೆದುಕೊಂಡು, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳನ್ನೂ ತಾಯಿಯನ್ನೂ ಕರೆದುಕೊಂಡು ಹೊರಟೆ. 18 ತುಂಬುವ ತನಕ ದುಡಿಮೆ ಬೇಡ, ಸುಮ್ನೆ ನೋಡುವುದು, ಕೈ ಹಚ್ಚುವುದು, ಅಷ್ಟೇ ಅಂತ ಎಲ್ಲರಿಗೂ ಹೇಳಿದ್ದೆ. ಮೊದಲು ಹೊಲಿಗೆ ಘಟಕ. ಹತ್ತು ಮಿಷನ್ ಒಟ್ಟಿಗೆ ಶುರುವಾದವು. ತಂಗಿ ಕಿವಿ ಮುಚ್ಚಿಕೊಂಡು ಹೊರಗೆ ಬಂದಳು. ಮತ್ತೆ ಒಳಗೆ ಬರಲೇ ಇಲ್ಲ. ಆಮೇಲೆ ಒಂದು ಸಸಿ ನರ್ಸರಿ. ಪಾಲಿಥಿನ್ ಚೀಲಕ್ಕೆ ಮಣ್ಣು ತುಂಬುವ ಕೆಲಸ ಚೆನ್ನಾಗಿಯೇ ಮಾಡಿದಳು. ಆದರೆ ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ. ತಾಯಿ ಅಲ್ಲೇ ಬೇಡ ಎಂದಳು. ನಾನೂ ಬೇಡ ಎಂದೆ.

ಮೂರನೆಯದು ರೊಟ್ಟಿ ಕೇಂದ್ರ. ನಮ್ಮ ಮನೆಯ ಒಂದು ಮದುವೆಗೆ ಖಡಕ್ ರೊಟ್ಟಿ ಹೇಳಲು ಹೋದಾಗ ಪರಿಚಯವಾದ ಜಾಗ. ಕೋಟೆ ಕೆರೆಯ ಆಚೆ, ಒಂದು ಮನೆಯ ಹಿಂದಿನ ಶೆಡ್ಡು. ಎಂಟು ಹೆಣ್ಣುಮಕ್ಕಳು ಸಾಲಾಗಿ ಕೂತು ಜೋಳದ ರೊಟ್ಟಿ ತಟ್ಟುತ್ತಾರೆ. ತಟ್ಟುವ ಸಪ್ಪಳ ಕೇಳಿದ ಕೂಡಲೇ ತಂಗಿ ನಕ್ಕಳು. “ನಮ್ಮವ್ವನ ಸಪ್ಪಳ” ಎಂದಳು. ಯಾರೂ ಕರೆಯದೆಯೇ ಹೋಗಿ ಆರಿದ ರೊಟ್ಟಿಯ ಬುಟ್ಟಿ ಹತ್ತಿರ ಕೂತಳು. ನಾನು ಹುಡುಕುತ್ತಿದ್ದ ಉತ್ತರ ಅಲ್ಲಿ ಸಿಕ್ಕಿತು.

ಕೇಂದ್ರ ನಡೆಸುವ ಅಕ್ಕ ಒಳ್ಳೆಯವರು, ಆದರೆ ವ್ಯಾಪಾರ ಗೊತ್ತಿರುವವರು. “ಬಂದು ಕೂಡ್ಲಿ ಟೀಚರ, ಆದರ ನನ್ನ ಗಿರಾಕಿಗೆ ಹತ್ತಂದ್ರ ಹತ್ತ ರೊಟ್ಟಿ ಹೋಗಬೇಕು” ಎಂದರು. ಅದು ನ್ಯಾಯವಾದ ಮಾತು. ತಂಗಿಗೆ ಆರರ ತನಕ ಎಣಿಕೆ ಬರುತ್ತದೆ. ಆಮೇಲೆ ಏಳು, ಎಂಟು ಹಾರಿಸಿ ಒಂಬತ್ತಕ್ಕೆ ಹೋಗುತ್ತಾಳೆ. ಶಾಲೆಯಲ್ಲಿ ಮೂರು ತಿಂಗಳು ಮಣಿ, ಕಡ್ಡಿ, ಹುಣಸೆ ಬೀಜ ಎಲ್ಲ ಇಟ್ಟು ಕಲಿಸಿದೆ. ಆಗಲಿಲ್ಲ.

ದಾರಿ ತೋರಿಸಿದ್ದು ಅಲ್ಲಿ ರೊಟ್ಟಿ ತಟ್ಟುವ ಒಬ್ಬ ಮಾವಶಿ (ಚಿಕ್ಕಮ್ಮ). ವಯಸ್ಸು ಅರವತ್ತರ ಹತ್ತಿರ, ಮನೆ ಮಾತು ಮರಾಠಿ. “ಎಣಸೂದು ಯಾಕ ಬೇಕ್ರಿ?” ಎಂದರು. ಒಂದು ಕಬ್ಬಿಣದ ಸರಳಿಗೆ ಹತ್ತು ಪ್ಲಾಸ್ಟಿಕ್ ಬಳೆ ಪೋಣಿಸಿ, ಎರಡೂ ತುದಿಗೆ ಕಟ್ಟಿಗೆ ತುಂಡು ಸಿಕ್ಕಿಸಿದರು. ಒಂದು ರೊಟ್ಟಿ ಚೀಲಕ್ಕೆ ಹಾಕಿದರೆ ಒಂದು ಬಳೆ ಎಡದಿಂದ ಬಲಕ್ಕೆ. ಎಡಕ್ಕೆ ಬಳೆ ಮುಗಿದರೆ ಚೀಲ ತುಂಬಿತು. ಅಷ್ಟೇ. ನಾನು ಇಷ್ಟು ವರ್ಷ ಈ ಕೆಲಸದಲ್ಲಿದ್ದೇನೆ, ನನಗೆ ಹೊಳೆದಿರಲಿಲ್ಲ. ಎಣಿಕೆ ಕಲಿಸಿದ ಮೇಲೆಯೇ ಕೆಲಸ ಅಂತ ನಾನು ಹಿಡಿದು ಕೂತಿದ್ದೆ. ಮಾವಶಿಗೆ ಬೇಕಾಗಿದ್ದು ಹತ್ತು ರೊಟ್ಟಿ, ಅಷ್ಟೇ.

ಉಳಿದ ಕೆಲಸವನ್ನು ನಾನು ಬಿಡಿಬಿಡಿಯಾಗಿ ಬರೆದುಕೊಂಡೆ. ಕೈ ತೊಳೆ. ತಲೆಗೆ ಬಟ್ಟೆ ಕಟ್ಟು. ಬುಟ್ಟಿ ಎಡಕ್ಕೆ ಇಡು. ಮುರಿದ ರೊಟ್ಟಿ ಬೇರೆ ಡಬ್ಬಿಗೆ ಹಾಕು. ಹೀಗೆ ಒಟ್ಟು 14 ಹೆಜ್ಜೆ. ಪ್ರತಿ ಹೆಜ್ಜೆಗೂ ಅವಳದೇ ಫೋಟೋ ತೆಗೆದು ಗೋಡೆಗೆ ಅಂಟಿಸಿದೆವು. ಖಡಕ್ ರೊಟ್ಟಿ ಹಪ್ಪಳದಂತೆ ಮುರಿಯುತ್ತದೆ, ಎರಡೂ ಅಂಗೈ ಮೇಲೆ ಎತ್ತಬೇಕು. ಅದನ್ನು ಕಲಿಯಲು ಅವಳಿಗೆ ಹೆಚ್ಚು ದಿನ ಹಿಡಿಯಿತು. ಯಾರಾದರೂ ನಡುವೆ ಮಾತಾಡಿಸಿದರೆ ಬಳೆ ಸರಿಸಿದ್ದು ಮರೆಯುತ್ತಿದ್ದಳು. ಆಗ ಚೀಲ ಖಾಲಿ ಮಾಡಿ ಮೊದಲಿನಿಂದ ಶುರು ಮಾಡು ಅಂತ ಹೇಳಿಕೊಟ್ಟೆ. ಮೊದಲ ವಾರ 40 ಚೀಲ ಮಾಡಿದರೆ ಒಂಬತ್ತು ತಪ್ಪಿರುತ್ತಿದ್ದವು. ಅಕ್ಕ ಬೇಸರ ಮಾಡದೆ ಮತ್ತೊಮ್ಮೆ ಎಣಿಸಿಕೊಳ್ಳುತ್ತಿದ್ದರು. ಮೂರನೇ ತಿಂಗಳಿಗೆ ತಪ್ಪು ಒಂದೋ ಎರಡೋ.

ಈ ನಡುವೆ ತಮ್ಮ ಐಟಿಐ ಮುಗಿಸಿದ. ಬೆಳಗಾವಿಯ ಉದ್ಯಮಬಾಗ ಗೊತ್ತಿರಬೇಕು ನಿಮಗೆ. ಫೌಂಡ್ರಿ, ಮಷಿನ್ ಶಾಪ್, ಹೈಡ್ರಾಲಿಕ್ಸ್ ಘಟಕಗಳ ಪ್ರದೇಶ. ಬೆಳಿಗ್ಗೆ ಶಿಫ್ಟ್ ಹೊತ್ತಿಗೆ ರಸ್ತೆ ತುಂಬ ಡಬ್ಬಿ ಹಿಡಿದ ಹುಡುಗರೇ. ಏಳು ಕಡೆ ಕೇಳಿದೆ. ಕಿವಿ ಕೇಳಿಸುವುದಿಲ್ಲ ಅಂದ ಕೂಡಲೇ ಎಲ್ಲರೂ ಒಂದೇ ಮಾತು ಹೇಳಿದರು. ಟ್ರಾಲಿ ಬಂದರೆ, ಕ್ರೇನಿನ ಸೈರನ್ ಆದರೆ, ಅವನಿಗೆ ಏನಾದರೂ ಆದರೆ ಯಾರು ಹೊಣೆ?

ಎಂಟನೇ ಕಡೆ ಮಾಲೀಕರು ಅದೇ ಪ್ರಶ್ನೆ ಕೇಳಿದರು, ಆದರೆ ಉತ್ತರಕ್ಕೆ ಕಾದರು. ನಾನು ಒಂದು ದಿನ ಅಲ್ಲಿ ಸುಮ್ನೆ ನಿಂತು ನೋಡಲು ಅವಕಾಶ ಕೇಳಿದೆ. ಅಲ್ಲಿನ ಸದ್ದಿನಲ್ಲಿ ನನಗೇ ಟ್ರಾಲಿಯ ಹಾರ್ನ್ ಕೇಳಿಸಲಿಲ್ಲ. ಕಿವಿ ಚೆನ್ನಾಗಿರುವ ಹುಡುಗರೂ ಕಣ್ಣಿನಿಂದಲೇ ಬಚಾವಾಗುತ್ತಿದ್ದರು. ಇದನ್ನು ಸೂಪರ್‌ವೈಸರ್‌ಗೆ ತೋರಿಸಿದೆ. ಕೊನೆಗೆ ಆದ ಬದಲಾವಣೆ ಇಷ್ಟು. ಸೈರನ್ ಜೊತೆಗೆ ತಿರುಗುವ ಕೆಂಪು ದೀಪ. ತಿರುವಿನಲ್ಲಿ ಒಂದು ದುಂಡು ಕನ್ನಡಿ. ನಡೆಯುವ ದಾರಿಗೆ ಹಳದಿ ಪಟ್ಟಿ. ತಮ್ಮನ ಮೇಜು ಗೋಡೆಗೆ ಬೆನ್ನು ಮಾಡಿ ಇಟ್ಟರು, ಬರುವವರು ಮುಂದಿನಿಂದಲೇ ಬರಬೇಕು. ಅವನು ಕಾಸ್ಟಿಂಗ್ (ಎರಕದ) ತುಂಡುಗಳ ಅಂಚಿನ ಬರ್, ಅಂದರೆ ಒರಟು ಚೂರು, ಕೆರೆದು, ಅಳತೆಯ ಗೇಜ್ ಹಾಕಿ ನೋಡುತ್ತಾನೆ. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹೋದರೆ ರಿಜೆಕ್ಟ್. ಅದಕ್ಕೆ ಕಿವಿ ಬೇಕಿಲ್ಲ.

ಆದರೂ ಎರಡನೇ ತಿಂಗಳಲ್ಲಿ ಒಂದು ಎಡವಟ್ಟು ಆಯಿತು. ತಮ್ಮ ಎರಡು ದಿನ ಕೆಲಸಕ್ಕೆ ಬಂದಿಲ್ಲ ಅಂತ ಫೋನ್ ಬಂತು. ಮನೆಗೆ ಹೋದರೆ ಅವನು ಅಳುತ್ತಾ ಕೂತಿದ್ದಾನೆ. ಶಿಫ್ಟ್ ಬದಲಾಗಿತ್ತು. ಎಲ್ಲರಿಗೂ ಬಾಯಿಮಾತಿನಲ್ಲಿ ಹೇಳಿದ್ದರು. ಇವನು ಎಂದಿನಂತೆ ಬೆಳಿಗ್ಗೆ ಹೋಗಿದ್ದಾನೆ. ಗೇಟಿನವನು ಕೈ ಬೀಸಿ ವಾಪಸ್ ಕಳಿಸಿದ್ದಾನೆ. ಮರುದಿನವೂ ಹಾಗೇ. ನನ್ನನ್ನು ಕೆಲಸದಿಂದ ತೆಗೆದರು ಅಂತ ಅವನು ತಿಳಿದುಕೊಂಡಿದ್ದಾನೆ. ಯಾವ ತಪ್ಪಿಗೆ ಅಂತ ಗೊತ್ತಾಗದೆ ಎರಡು ರಾತ್ರಿ ಉಂಡಿಲ್ಲ.

ಕಿವಿ ಕೇಳಿಸದ ಎಷ್ಟೋ ಮಕ್ಕಳಿಗೆ ಬರೆದ ಕನ್ನಡವೂ ಕಷ್ಟ, ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಕೇಳಿ ಕಲಿಯದ ಭಾಷೆಯನ್ನು ಓದಿ ಕಲಿಯಬೇಕಲ್ವಾ. ಅದಕ್ಕೆ ಚೀಟಿ ಬರೆದುಕೊಟ್ಟರೆ ಸಾಕು ಅನ್ನುವುದೂ ಸರಿಯಲ್ಲ. ಈಗ ಸೂಪರ್‌ವೈಸರ್ ವಾಟ್ಸಾಪ್‌ನಲ್ಲಿ ಗಡಿಯಾರದ ಫೋಟೋ ಕಳಿಸುತ್ತಾರೆ, ಮುಳ್ಳು ಎಲ್ಲಿರುತ್ತದೋ ಆ ಹೊತ್ತಿಗೆ ಬರಬೇಕು. ದೆಹಲಿಯ ಭಾರತೀಯ ಸಂಕೇತ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ವಿಡಿಯೋ ನಿಘಂಟು ಮಾಡಿದೆ. ಅದರಿಂದ ಆಯ್ದ 30 ಸನ್ನೆಗಳನ್ನು ಆ ಶಾಪಿನ ಹುಡುಗರು ಊಟದ ಹೊತ್ತಿನಲ್ಲಿ ಕಲಿತರು. ಅಲ್ಲಿ ಕೆಲವರ ಮಾತು ಕನ್ನಡ, ಕೆಲವರದ್ದು ಮರಾಠಿ. ಸನ್ನೆ ಮಾತ್ರ ಎಲ್ಲರಿಗೂ ಒಂದೇ ಆಯಿತು.

ತಮ್ಮನಿಗೆ ಮೊದಲ ತಿಂಗಳಿನಿಂದಲೇ ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇದೆ. ಇಎಸ್ಐಗೆ ಬೇರೆಯವರಿಗೆ ಸಂಬಳದ ಮಿತಿ 21,000 ರೂಪಾಯಿ, ವಿಕಲಚೇತನರಿಗೆ 25,000. ಮಾಲೀಕರಿಗೂ ಇದು ಗೊತ್ತಿರಲಿಲ್ಲ, ನಾನು ಹೇಳಿದ ಮೇಲೆ ತಿಳಿಯಿತು.

ಮತ್ತೆ ತಂಗಿಯ ಮಾತಿಗೆ ಬರುತ್ತೇನೆ. ರೊಟ್ಟಿ ಕೇಂದ್ರದ ಕೆಲಸಕ್ಕಿಂತ ಕಷ್ಟವಾಗಿದ್ದು ಅಲ್ಲಿಗೆ ಹೋಗುವ ಬಸ್ಸು. ಊರಿನಿಂದ ಬೆಳಗಾವಿಗೆ ಮುಕ್ಕಾಲು ತಾಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಟಿಕೆಟ್ ರೊಕ್ಕ ಬೇಡವಾಯಿತು. ಚಿಲ್ಲರೆ ಎಣಿಸುವ ತೊಂದರೆಯೂ ಅದರಿಂದ ತಪ್ಪಿತು. ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆದರೆ ಯಾವ ಬಸ್ಸು ಹತ್ತಬೇಕು? ಎಲ್ಲಿ ಇಳಿಯಬೇಕು?

ಹತ್ತುವುದಕ್ಕೆ ಒಂದು ಫೋಟೋ ಮಾಡಿದೆವು. ಬಸ್ಸಿನ ಬೋರ್ಡಿನ ಮೇಲೆ ‘ಬೆಳಗಾವಿ’ ಅಂತ ಬರೆದಿರುತ್ತದಲ್ಲ, ಅದರ ಚಿತ್ರ. ಅವಳು ಓದುವುದಿಲ್ಲ, ಅಕ್ಷರದ ಆಕಾರ ಹೊಂದಿಸಿ ನೋಡುತ್ತಾಳೆ. ಇಳಿಯುವುದಕ್ಕೆ ಕೋಟೆ ಕೆರೆಯ ದಂಡೆಯ ಆ ಎತ್ತರದ ಧ್ವಜದ ಕಂಬ. 110 ಮೀಟರ್ ಎತ್ತರ, ದೂರದಿಂದಲೇ ಕಾಣುತ್ತದೆ. “ಕಂಬ ಕಂಡ ಕೂಡಲೇ ಏಳು, ಬಾಗಿಲ ಹತ್ರ ಬಾ, ಬಸ್ಸು ನಿಂತ ಮ್ಯಾಲೆ ಇಳಿ.” ಈ ಮೂರು ಮಾತು ಅವಳಿಗೆ ಹಾಡಿನಂತೆ ಬಾಯಿಪಾಠ ಆಯಿತು.

ಮೊದಲ ವಾರ ನಾನು ಪಕ್ಕದಲ್ಲಿ ಕೂತೆ. ಎರಡನೇ ವಾರ ಹಿಂದಿನ ಸೀಟಿನಲ್ಲಿ. ಮೂರನೇ ವಾರ ಅವಳು ಬಸ್ಸಿನಲ್ಲಿ, ಅವಳ ಅಣ್ಣ ಬೈಕಿನಲ್ಲಿ ಬಸ್ಸಿನ ಹಿಂದೆ. ನಾಲ್ಕನೇ ವಾರ ತಾಯಿ ಊರಿನಲ್ಲಿ ಹತ್ತಿಸುತ್ತಿದ್ದಳು, ಮಾವಶಿ ಕೆರೆ ಹತ್ತಿರ ನಿಂತು ಇಳಿಸಿಕೊಳ್ಳುತ್ತಿದ್ದರು. ಆ ದಾರಿಯ ಇಬ್ಬರು ಕಂಡಕ್ಟರ್‌ಗಳಿಗೆ ಹೇಳಿಟ್ಟಿದ್ದೆವು. ಕೊರಳಲ್ಲಿ ಒಂದು ಕಾರ್ಡು, ಅದರಲ್ಲಿ ಮೂರು ಫೋನ್ ನಂಬರು. ದಾರಿ ತಪ್ಪಿದರೆ ಏನು ಮಾಡಬೇಕು ಅಂತಲೂ ಬೇಕಂತಲೇ ಅಭ್ಯಾಸ ಮಾಡಿಸಿದೆವು. ಗೊತ್ತಿಲ್ಲದ ಜಾಗದಲ್ಲಿ ನಡೆಯಬೇಡ. ಹೆಣ್ಣುಮಕ್ಕಳು ಇರುವ ಅಂಗಡಿಗೆ ಹೋಗು. ಕಾರ್ಡ್ ತೋರಿಸು.

ಆ ಅಭ್ಯಾಸ ಇಲ್ಲದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. 2024ರ ಜುಲೈ. ಅವಳಿಗೆ 18 ತುಂಬಿತ್ತು, ಕೆಲಸಕ್ಕೆ ಸೇರಿ ಒಂದು ತಿಂಗಳು. ಬೆಳಗಾವಿಯ ಮಳೆ ನಿಮಗೆ ಗೊತ್ತು. ಅವತ್ತು ಮಳೆಯ ಜೊತೆ ಮಂಜು ಬೇರೆ. ಕಂಬ ಕಾಣಲಿಲ್ಲ. ಕಂಬ ಕಾಣದೆ ಅವಳು ಏಳಲಿಲ್ಲ. ನಾವು ಹೇಳಿಕೊಟ್ಟಿದ್ದೇ ಹಾಗಲ್ವಾ. ಮಾವಶಿ ಕೊಡೆ ಹಿಡಿದು ನಿಂತಿದ್ದಾರೆ, ಬಸ್ಸು ಮುಂದೆ ಹೋಯಿತು. ನನಗೆ ಫೋನ್ ಬಂದಾಗ ನಾನು ಶಾಲೆಯಲ್ಲಿ. ಕೈಕಾಲು ತಣ್ಣಗಾದವು. ತಾಯಿಗೆ ಹೇಗೆ ಹೇಳಲಿ ಅಂತ ಅದೊಂದೇ ತಲೆಯಲ್ಲಿ.

ಇಪ್ಪತ್ತೈದು ನಿಮಿಷ ಆದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್. ಬಸ್ ನಿಲ್ದಾಣದ ಹೊರಗೆ ಹೂ ಮಾರುವ ಹೆಂಗಸು. “ನಿಮ್ಮ ಹುಡಗಿ ನನ್ನ ಹತ್ರ ಕೂತಾಳ್ರಿ. ಕಾರ್ಡ್ ತೋರ್ಸಿದ್ಲು. ಅಳಾಕತ್ತಿಲ್ಲ, ಚಾ ಕುಡ್ಯಾಕತ್ತಾಳ.” ಕೊನೆ ನಿಲ್ದಾಣದಲ್ಲಿ ಎಲ್ಲರೂ ಇಳಿದಾಗ ಅವಳೂ ಇಳಿದಿದ್ದಾಳೆ. ಸುತ್ತ ನೋಡಿದ್ದಾಳೆ. ಹೆಣ್ಣುಮಗಳು ಕೂತಿರುವ ಅಂಗಡಿ ಹುಡುಕಿದ್ದಾಳೆ.

ಮನೆಯವರು ಇನ್ನು ಸಾಕು ಎಂದರು. ಅಪ್ಪ ಮೂರು ದಿನ ಕಳಿಸಲಿಲ್ಲ. ನಾಲ್ಕನೇ ದಿನ ತಂಗಿ ಬೆಳಿಗ್ಗೆ ಎದ್ದು, ತಲೆ ಬಾಚಿಕೊಂಡು, ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಳಂತೆ. “ಕಂಬ ಇಲ್ಲಂದ್ರ ಕಂಡಕ್ಟರ್ ಮಾಮಾನ ಕೇಳ್ತೇನಿ” ಎಂದಳಂತೆ. ಆ ಮಾತನ್ನು ನಾವ್ಯಾರೂ ಕಲಿಸಿರಲಿಲ್ಲ.

ಸಂಬಳದ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಅಕ್ಕ ಮೊದಲಿಗೆ “ಖರ್ಚಿಗೆ ಏನಾದ್ರೂ ಕೊಡ್ತೇನಿ” ಎಂದಿದ್ದರು. ಬೇಡ ಎಂದೆ. ಬೇರೆಯವರಿಗೆ ಚೀಲಕ್ಕೆ ಎಷ್ಟೋ ಇವಳಿಗೂ ಅಷ್ಟೇ. ಕಡಿಮೆ ಚೀಲ ಮಾಡಿದರೆ ಕಡಿಮೆ ಬರಲಿ, ಆದರೆ ದರ ಒಂದೇ ಇರಲಿ. ಅಕ್ಕ ಒಂದು ದಿನ ಯೋಚಿಸಿ ಒಪ್ಪಿದರು. ಅರ್ಧ ದಿನದ ಕೆಲಸ. ಮೊದಲ ತಿಂಗಳು 3,200 ರೂಪಾಯಿ ಖಾತೆಗೆ ಬಂತು. ವಿಕಲಚೇತನರ ಮಾಸಾಶನಕ್ಕೆ ಕುಟುಂಬದ ಆದಾಯದ ಮಿತಿ ಇರುವುದರಿಂದ ಅದು ನಿಂತುಹೋಗುತ್ತದೆ ಅಂತ ಮನೆಯಲ್ಲಿ ಭಯ ಇತ್ತು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆವು, ಅವರ ಮನೆಯ ಮಟ್ಟಿಗೆ ತೊಂದರೆ ಇರಲಿಲ್ಲ. ಈ ಭಯದಿಂದಲೇ ಎಷ್ಟು ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾರೋ.

ಮೊದಲ ಸಂಬಳದಲ್ಲಿ ತಂಗಿ ಅಪ್ಪನಿಗೆ ಚಪ್ಪಲಿ ತಂದಳು. ಅಳತೆ ತಪ್ಪಿತ್ತು. ಅಂಗಡಿಗೆ ಬದಲಿಸಲು ಹೋಗು ಅಂತ ಯಾರು ಹೇಳಿದರೂ ಅಪ್ಪ ಕೇಳಲಿಲ್ಲ. ಹಿಮ್ಮಡಿ ಹೊರಗಿಟ್ಟುಕೊಂಡೇ ಮಳೆಗಾಲ ಪೂರ್ತಿ ಅದನ್ನೇ ಮೆಟ್ಟಿದ.

ಈಗ ವಹಿಯಲ್ಲಿ ಒಂಬತ್ತನೇ ತರಗತಿಯ ಇನ್ನೂ ನಾಲ್ಕು ಮಕ್ಕಳ ಹೆಸರಿದೆ. ಇಬ್ಬರನ್ನು ಮೂರು ಮೂರು ಕಡೆ ಕರೆದುಕೊಂಡು ಹೋಗಿ ಆಗಿದೆ. ಹಳೇ ಒಂಬತ್ತು ಮಂದಿಯಲ್ಲಿ ತಾರೀಖು ಬರೆಯುತ್ತಿದ್ದ ಹುಡುಗನ ಮನೆಗೂ ಹೋಗಿದ್ದೆ. ಐದು ವರ್ಷ ಮನೆಯಲ್ಲಿದ್ದು ಅವನಿಗೆ ಹೊರಗಿನ ಜನ ಅಂದರೆ ಹೆದರಿಕೆ ಬಂದಿದೆ. ಮೊದಲು ಓಣಿಯ ಕಿರಾಣಿ ಅಂಗಡಿ ತನಕ ಹೋಗಿ ಬರುವುದು ನಡೆದಿದೆ. ಅವನ ವಿಷಯದಲ್ಲಿ ನಾನು ತಡ ಮಾಡಿದೆ. ಅದು ನನ್ನನ್ನು ಚುಚ್ಚುತ್ತದೆ.

ಹೋದ ವಾರ ರೊಟ್ಟಿ ಕೇಂದ್ರಕ್ಕೆ ಹೋಗಿದ್ದೆ. ತಂಗಿ ಬಳೆಯ ಸರಳು ಪಕ್ಕಕ್ಕೆ ಇಟ್ಟು ನನ್ನನ್ನು ಒಲೆ ಹತ್ತಿರ ಕರೆದುಕೊಂಡು ಹೋದಳು. ತಾನೂ ರೊಟ್ಟಿ ಬೇಯಿಸಬೇಕಂತೆ. ಅಕ್ಕ ಗಾಬರಿಯಾಗಿ ನನ್ನ ಮುಖ ನೋಡಿದರು. ಸುಡುವ ಹಂಚು, ಗ್ಯಾಸಿನ ಉರಿ. ನನ್ನ ಬಾಯಿಗೂ ಬೇಡ ಅನ್ನುವ ಮಾತೇ ಮೊದಲು ಬಂತು. ನುಂಗಿಕೊಂಡೆ. ಮಾವಶಿ ಮಾತ್ರ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ, “ಮೊದಲ ಆರಿದ ಹಂಚಿನ ಮ್ಯಾಲೆ ಹಾಕಾಕ, ತಗ್ಯಾಕ ಕಲೀಲಿ” ಎಂದರು. ಸೋಮವಾರದಿಂದ ಶುರು. ಹಂಚಿನ ಹೆಜ್ಜೆಗಳನ್ನು ಇವತ್ತು ರಾತ್ರಿ ಬರೆಯಬೇಕು.